ನಾಲ್ಕನೇ ಅರ್ಥಕ್ಕೆ ಒಂದು ವಾಕ್ಯ

ಒಂದು ಮಾತು ಕಿವಿಗೆ ಬೀಳಲಿ ಎಂದು ಕಾದು ನಿಂತರೆ ಆ ಮಾತನ್ನು ಯಾರೂ ಆಡುವುದಿಲ್ಲ. ಇದನ್ನು ನಾನು ಜಯನಗರ ನಾಲ್ಕನೇ ಬ್ಲಾಕಿನ ಬಸ್ ಸ್ಟ್ಯಾಂಡಿನಲ್ಲಿ ಮೂರು ದಿನ ನಿಂತು ಕಲಿತೆ. ನನಗೆ ಬೇಕಾಗಿದ್ದದ್ದು ‘ಮ್ಯಾನೇಜ್’ ಅನ್ನುವ ಒಂದೇ ಒಂದು ಇಂಗ್ಲಿಷ್ ಕ್ರಿಯಾಪದ. ಬೇರೆ ದಿನವಾಗಿದ್ದರೆ ಕಂಡಕ್ಟರಿಂದ ಹಿಡಿದು ಹೂವಿನವಳವರೆಗೆ ಎಲ್ಲರ ಬಾಯಲ್ಲೂ ಅದೇ. ಆ ಮೂರು ದಿನ ಮಾತ್ರ ಇಡೀ ಜಯನಗರ ನನ್ನ ಮೇಲೆ ಹಟ ಸಾಧಿಸುವಂತೆ ಬಾಯಿ ಬಿಗಿಹಿಡಿದಿತ್ತು. ನನಗೆ ಮೊದಲೇ ತಾಳ್ಮೆ ಕಡಿಮೆ. ಮೂರನೇ ದಿನ ಆಟೋದವರೊಬ್ಬರನ್ನು ನೇರವಾಗಿ ಕೇಳಿಯೇಬಿಟ್ಟೆ: “ಅಣ್ಣ, ಮ್ಯಾನೇಜ್ ಅಂತ ಯಾವಾಗ ಹೇಳ್ತೀರ?” ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮೇಡಂ, ಎಲ್ಲಿಗೆ ಹೋಗ್ಬೇಕು ಹೇಳಿ, ಇಲ್ಲಾಂದ್ರೆ ಬಿಡಿ” ಎಂದು ಗಾಡಿ ಸ್ಟಾರ್ಟ್ ಮಾಡಿದರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಜಯನಗರ ಒಂಬತ್ತನೇ ಬ್ಲಾಕಿನ ಒಂದು ಮನೆಯ ಮಹಡಿ ಮೇಲೆ ನಮ್ಮ ಆಫೀಸು. ಆಫೀಸು ಅಂದರೆ ಎರಡು ಮೇಜು, ಚಪ್ಪಲಿ ಅಂಗಡಿಯಿಂದ ಕೇಳಿ ತಂದ ರಟ್ಟಿನ ಡಬ್ಬಗಳ ತುಂಬ ಕಾರ್ಡು, ಒಬ್ಬ ಸಂಪಾದಕರು ಮತ್ತು ನಾನು. ಕನ್ನಡ ಮೀಡಿಯಂನಲ್ಲಿ ಓದಿ ಆಫೀಸು, ಅಂಗಡಿ, ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರಿದವರಿಗಾಗಿ ಒಂದು ಸಣ್ಣ ಪುಸ್ತಕ ಮಾಡುತ್ತಿದ್ದೆವು. ಅದರಲ್ಲಿ ನಾವು ದಿನಾ ಬಳಸುವ ಹನ್ನೆರಡು ಇಂಗ್ಲಿಷ್ ಕ್ರಿಯಾಪದಗಳು. ಅಡ್ಜಸ್ಟ್, ಅರೇಂಜ್, ಕಾಲ್, ಚೆಕ್, ಹೀಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. ಪ್ರತಿಯೊಂದಕ್ಕೂ ಮೊದಲು ಇಂಗ್ಲಿಷಿನವರು ಕೊಡುವ ಅರ್ಥ, ಆಮೇಲೆ ‘ನಮ್ಮ ಬಾಯಲ್ಲಿ’ ಎಂಬ ಭಾಗ. ಅದೇ ಪದಕ್ಕೆ ‘ಮಾಡು’ ಸೇರಿಸಿಕೊಂಡು ನಾವು ಏನೇನು ಹೇಳುತ್ತೇವೆ, ಅದನ್ನೇ ಇಂಗ್ಲಿಷಿನಲ್ಲಿ ಹೇಳಬೇಕಾದರೆ ಬೇರೆ ಯಾವ ಮಾತು ಬೇಕು, ಎಂಬುದು ಅಲ್ಲಿ ಬರಬೇಕು.

ಸಂಪಾದಕರದು ಒಂದೇ ಕಟ್ಟಪ್ಪಣೆ. “ಉದಾಹರಣೆ ವಾಕ್ಯನ ಕಟ್ಟಬಾರ್ದು, ಕೇಳಿರ್ಬೇಕು. ಕಟ್ಟಿದ ವಾಕ್ಯ ಪ್ಲಾಸ್ಟಿಕ್ ಹೂವು ಕಣ್ರೀ, ಮೂಸಿದ್ರೆ ಗೊತ್ತಾಗತ್ತೆ.” ಹಾಗಾಗಿ ಪ್ರತಿ ವಾಕ್ಯಕ್ಕೂ ಒಂದು ಕಾರ್ಡು. ಮೇಲೆ ಕ್ರಿಯಾಪದ, ನಡುವೆ ಕಿವಿಗೆ ಬಿದ್ದ ವಾಕ್ಯ ಅಕ್ಷರ ಬದಲಾಯಿಸದೆ, ಕೆಳಗೆ ಹೆಣ್ಣೋ ಗಂಡೋ, ಅಂದಾಜು ವಯಸ್ಸು, ಯಾವ ಏರಿಯಾ. ಹೆಸರು ಮಾತ್ರ ಬರೆಯುವಂತಿರಲಿಲ್ಲ. ಹೆಸರಿಲ್ಲದಿದ್ದರೆ ಯಾರಿಗೂ ಯಾವ ತೊಂದರೆಯೂ ಇಲ್ಲ ಎಂದು ನಾವಿಬ್ಬರೂ ಗಟ್ಟಿಯಾಗಿ ನಂಬಿದ್ದೆವು.

‘ಮ್ಯಾನೇಜ್’ ನನ್ನ ಪಾಲಿಗೆ ಬಂದಿತ್ತು. ಹುಡುಕಾಟ ಬಿಟ್ಟು ಸುಮ್ಮನಾದ ಮೇಲೆ ವಾಕ್ಯಗಳು ತಾವಾಗಿ ಬಂದವು. ಕೆಲಸ ನಡೆಸು, ನಿರ್ವಹಿಸು, ಕಷ್ಟಪಟ್ಟು ಹೇಗೋ ಸಾಧಿಸು ಎಂಬ ಮೊದಲನೇ ಅರ್ಥ ಇಂಗ್ಲಿಷಿನದೇ, ಅದಕ್ಕೆ ಕಷ್ಟವಾಗಲಿಲ್ಲ. ಎರಡನೆಯದು, ಇದ್ದುದರಲ್ಲೇ ಸುಧಾರಿಸು. ಬನಶಂಕರಿಯ ಒಂದು ಛತ್ರದ ಅಡುಗೆಯವರು ಕೊಟ್ಟರು: “ನೂರು ಎಲೆ ಅಂದಿದ್ರು, ನೂರೈವತ್ತು ಜನ ಬಂದ್ರು, ಸಾರಿಗೆ ಬಿಸಿನೀರು ಹಾಕಿ ಮ್ಯಾನೇಜ್ ಮಾಡಿದ್ವಿ.” ಮೂರನೆಯದು, ಒಬ್ಬರನ್ನು ಪುಸಲಾಯಿಸಿ ದಾರಿಗೆ ತರು. ಇದು ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹೊಸ ಮದುವಣಗಿತ್ತಿ ಗಂಡನಿಗೆ ಹೇಳಿದ್ದು: “ಅಮ್ಮಂಗೆ ನೀವು ಏನೂ ಹೇಳ್ಬೇಡಿ, ಅವರನ್ನ ನಾನು ಮ್ಯಾನೇಜ್ ಮಾಡ್ತೀನಿ.” ಸಂಪಾದಕರು ಓದಿ ಬಿದ್ದು ಬಿದ್ದು ನಕ್ಕರು.

ನಾಲ್ಕನೆಯದೇ ತೊಡಕು. ಇಲ್ಲದ್ದನ್ನು ಇದೆ ಎಂದು ತೋರಿಸಿಕೊಂಡು ದಿನ ದೂಡುವುದು. ಈ ಅರ್ಥ ಇದೆ ಎಂದು ನನಗೆ ಗೊತ್ತು, ಸಂಪಾದಕರಿಗೂ ಗೊತ್ತು. ಇದಕ್ಕೆ ನಿರ್ವಹಿಸು ಸಾಲದು, ಸುಧಾರಿಸು ಸಾಲದು, ಸಂಭಾಳಿಸು ಅರ್ಧ ದಾರಿಗೆ ಬಂದು ನಿಲ್ಲುತ್ತದೆ. ಆದರೆ ಕಾರ್ಡಿಲ್ಲ. ಇಂಥ ಮಾತನ್ನು ಜನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳುತ್ತಾರೆಯೆ? ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಹನ್ನೆರಡು ಮನೆಗಳಿಗೆ ಪರೀಕ್ಷೆಯ ಪ್ರತಿ ಕೊಟ್ಟು ಓದಿಸಿ ತಿದ್ದುಪಡಿ ಪಡೆಯಬೇಕೆಂದು ಗೊತ್ತಾಗಿತ್ತು. ಶನಿವಾರ ಪ್ರತಿ ಹಂಚಬೇಕು. ಗುರುವಾರ ಸಂಜೆ ಸಂಪಾದಕರು ನನ್ನ ಹಾಳೆಗಳನ್ನು ವಾಪಸ್ ಮೇಜಿನ ಮೇಲೆ ಹಾಕಿ, “ನಾಲ್ಕಕ್ಕೆ ವಾಕ್ಯ ಇಲ್ಲಾಂದ್ರೆ ಆ ಅರ್ಥಾನೇ ತೆಗೀರಿ” ಎಂದರು. ನನಗೆ ಉರಿದುಹೋಯಿತು. ಆ ಒಂದು ಅರ್ಥಕ್ಕಾಗಿಯೇ ನಾನು ಈ ಪದದ ಹಿಂದೆ ಎರಡು ತಿಂಗಳು ಅಲೆದಿದ್ದೆ.

ನಿಜ ಹೇಳಬೇಕೆಂದರೆ ವಾಕ್ಯ ನನ್ನ ಹತ್ತಿರ ಇತ್ತು.

ನಮ್ಮ ಆಫೀಸಿನ ಕೆಳಗೆ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕು. ಅಲ್ಲಿಯ ರಿಸೆಪ್ಷನಿಸ್ಟ್ ಗದಗಿನ ಕಡೆಯವಳು, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು. ಮಧ್ಯಾಹ್ನ ಡಾಕ್ಟರು ಮನೆಗೆ ಹೋದ ಮೇಲೆ ಬುತ್ತಿ ಹಿಡಿದುಕೊಂಡು ನನ್ನ ಮೇಜಿಗೆ ಬರುತ್ತಿದ್ದಳು. ಅವಳ ಜೋಳದ ರೊಟ್ಟಿ ನನಗೆ, ನನ್ನ ಹುಳಿ ಅನ್ನ ಅವಳಿಗೆ. (ಇದನ್ನೆಲ್ಲ ಬರೆಯುವ ಮೊದಲು ಅವಳನ್ನು ಕೇಳಿದ್ದೇನೆ. ಓದಿಸಿಕೊಂಡು, ಎರಡು ಕಡೆ ನನ್ನ ಕೈಯಿಂದ ತಿದ್ದಿಸಿದ್ದಾಳೆ.) ಅವಳ ಗಂಡ ಕೆಲಸಕ್ಕೆಂದು ಪುಣೆಗೆ ಹೋಗಿ ಅಲ್ಲೇ ಬೇರೆ ಸಂಸಾರ ಹೂಡಿದ್ದ. ಎರಡನೇ ಕ್ಲಾಸಿನ ಮಗಳನ್ನು ಕಟ್ಟಿಕೊಂಡು ಇವಳು ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗಿದ್ದಳು. ಗಂಡ ಜೊತೆಯಲ್ಲಿಲ್ಲ ಎಂದ ಕೂಡಲೇ ನಾಲ್ಕು ಮನೆಯವರು ಬಾಗಿಲು ಹಾಕಿದ್ದರಂತೆ. ಐದನೇ ಮನೆಯಲ್ಲಿ, ನಮ್ಮವರಿಗೆ ಊರೂರು ತಿರುಗುವ ಕೆಲಸ, ವಾರದ ಕೊನೆಯಲ್ಲಿ ರಾತ್ರಿ ಬಂದು ಬೆಳಗಾಗುವ ಮುಂಚೆ ಬೂಟು ಹಾಕಿಕೊಂಡು ಹೊರಡುತ್ತಾರೆ ಎಂದುಬಿಟ್ಟಳು. ಮನೆ ಸಿಕ್ಕಿತು. ಸಂಜೆ ಶಾಲೆ ಬಿಟ್ಟ ಮಗಳು ಅಮ್ಮ ಬರುವವರೆಗೆ ಮಹಡಿಯ ಓನರ್ ಆಂಟಿಯ ಮನೆಯಲ್ಲೇ ಇರುತ್ತಿದ್ದಳು. ಆ ಮನೆ ಹೋದರೆ ಮಗಳನ್ನು ನೋಡಿಕೊಳ್ಳುವವರೂ ಹೋದರು, ಕೆಲಸವೂ ಹೋದ ಹಾಗೆಯೇ.

ಇದನ್ನೆಲ್ಲ ಒಂದು ಮಧ್ಯಾಹ್ನ ರೊಟ್ಟಿ ಮುರಿಯುತ್ತ ಹೇಳಿ, ಕೊನೆಗೆ ನಗುತ್ತ ಅಂದಿದ್ದಳು: “ಶನಿವಾರ ಗಂಡಸರ ಚಪ್ಪಲಿ ಬಾಗಿಲ ಮುಂದ ಇಡ್ತೀನಿ, ಸೋಮವಾರ ಒಳಗ ಇಡ್ತೀನಿ, ಹಂಗ ಮ್ಯಾನೇಜ್ ಮಾಡ್ತೀನ್ರಿ ಅಕ್ಕಾರ.”

ನಾನು ಅವಳ ಜೊತೆ ನಕ್ಕೆ. ನಗುತ್ತಲೇ ಒಳಗೊಳಗೆ, ಇದೇ, ಇದೇ ವಾಕ್ಯ, ಎಂದು ಕುಣಿದಾಡಿದೆ. ಅವಳು ಡಬ್ಬಿ ತೊಳೆಯಲು ಹೋದಾಗ ಕಾರ್ಡಿನಲ್ಲಿ ಬರೆದುಕೊಂಡೆ. ಬಳಸಬೇಕೆಂದಲ್ಲ, ಸುಮ್ಮನೆ ಇರಲಿ ಎಂದು. ನಮ್ಮ ಕಸುಬಿನ ಚಟ ಅದು, ಯಾರಾದರೂ ಅತ್ತರೂ ಅವರು ಯಾವ ಪದ ಬಳಸಿ ಅತ್ತರು ಎಂದು ಕೇಳಿಸುತ್ತದೆ. ಗುರುವಾರ ಸಂಜೆ ಸಂಪಾದಕರು ಹಾಗೆಂದಾಗ ಆ ಕಾರ್ಡನ್ನು ತೆಗೆದು ಅವರ ಮುಂದಿಟ್ಟೆ. ಅವರು ಎರಡು ಸಲ ಓದಿ, “ಭಲೇ!” ಎಂದರು. ನಾನು ಬೀಗಿದೆ. ಶುಕ್ರವಾರ ಟೈಪಾಯಿತು, ಜೆರಾಕ್ಸಾಯಿತು. ಒಂಬತ್ತನೇ ಪದದ ಕೆಳಗೆ, ನಾಲ್ಕನೇ ಅರ್ಥದ ಮುಂದೆ ಆ ವಾಕ್ಯ. ಅದರ ಕೆಳಗೆ: ಹೆಣ್ಣು, ಮೂವತ್ತು, ಬಿ.ಟಿ.ಎಂ.

ಶನಿವಾರ ಬೆಳಿಗ್ಗೆ ಹನ್ನೆರಡು ಪ್ರತಿಗಳನ್ನು ಚೀಲಕ್ಕೆ ಹಾಕಿಕೊಂಡು ಮೊಪೆಡ್ ಹತ್ತಿದೆ. ಯಾರಿಗೆ ಕೊಡಬೇಕೆಂಬ ಪಟ್ಟಿ ಸಂಪಾದಕರದು. ಹೆಸರು, ವಿಳಾಸ, ಅಷ್ಟೆ. ಜೆ.ಪಿ. ನಗರದಲ್ಲಿ ನಾಲ್ಕು, ಜಯನಗರದಲ್ಲಿ ಐದು, ಬನಶಂಕರಿಯಲ್ಲಿ ಎರಡು ಮುಗಿಸಿ, ಬನ್ನೇರುಘಟ್ಟ ರಸ್ತೆ ದಾಟಿ ಬಿ.ಟಿ.ಎಂ.ಗೆ ಬರುವಾಗ ಮಧ್ಯಾಹ್ನ. ಮನೆಯಾಕೆ ನಿವೃತ್ತ ಟೀಚರು. ದಪ್ಪ ಕನ್ನಡಕ, ಇಸ್ತ್ರಿ ಮಾಡಿದ ಕಾಟನ್ ಸೀರೆ. ಗೇಟಿಗೇ ಬಂದು ಪ್ರತಿ ತೆಗೆದುಕೊಂಡು, “ನಮ್ಮ ಬಾಡಿಗೆ ಹುಡುಗಿನೇ ನಿಮ್ಮ ಸಾರ್‌ಗೆ ನನ್ನ ಹೆಸರು ಹೇಳಿದ್ದು. ನಿಮ್ಮ ಆಫೀಸ್ ಕೆಳಗೇ ಅಲ್ವಾ ಅವಳು ಕೆಲಸ ಮಾಡೋದು?” ಎಂದರು.

ನಾನು ಕೆಳಗಿನ ಮನೆಯ ಕಡೆ ತಿರುಗಿದೆ. ಬಾಗಿಲಿಗೆ ಬೀಗ. ತಂತಿಯ ಮೇಲೆ ಕ್ಲಿನಿಕ್ಕಿನ ಬಿಳಿ ಕೋಟು ಒಣಗುತ್ತಿತ್ತು. ಹೊಸ್ತಿಲ ಪಕ್ಕದಲ್ಲಿ ಗಂಡಸರ ಕಪ್ಪು ಚಪ್ಪಲಿ ಒಂದು ಜೊತೆ. ಹೆಬ್ಬೆರಳಿನ ಗುರುತೇ ಬೀಳದ, ಯಾರ ಕಾಲೂ ಹೋಗದ ಚಪ್ಪಲಿ.

ಆಂಟಿಯ ಕೈಯಿಂದ ಹಾಳೆಗಳನ್ನು ಕಿತ್ತುಕೊಂಡು ಓಡಿಬಿಡಲೇ ಅನ್ನಿಸಿತು. ಬಾಯಿಗೆ ಬಂದದ್ದು ಮಾತ್ರ, “ಮೇಡಂ, ಈ ಪ್ರತೀಲಿ ಒಂದು ಪುಟ ತಪ್ಪಾಗಿದೆ ಅನ್ಸತ್ತೆ. ಬೇರೆ ತಂದುಕೊಡ್ಲಾ?”

“ತಪ್ಪಿದ್ರೆ ತಾನೇ ನಮ್ಮ ಕೈಲಿ ಓದಿಸೋದು? ಇರ್ಲಿ ಬಿಡಮ್ಮ, ನಾನೇ ತಿದ್ತೀನಿ,” ಎಂದು ಅವರು ಹಾಳೆಗಳನ್ನು ಎದೆಗೊತ್ತಿಕೊಂಡರು. “ನಂದು ಒಂದು ಪದ್ಧತಿ. ಮೊದಲಿಂದ ಶುರು ಮಾಡಿ, ದಿನಕ್ಕೊಂದೇ ಪದ. ಬೆಳಿಗ್ಗೆ ಹತ್ತಕ್ಕೆ ಕಾಫಿ ಕುಡಿದು ಕೂತ್ಕೊಳ್ಳೋದು, ಮುಂದಕ್ಕೆ ಹಾರೋದೇ ಇಲ್ಲ. ನಾಳೆ ಅಡ್ಜಸ್ಟ್.”

ಮೊಪೆಡ್ ಹತ್ತಿ ಬೆರಳು ಮಡಿಸಿ ಎಣಿಸಿದೆ. ಭಾನುವಾರ ಅಡ್ಜಸ್ಟ್, ಸೋಮವಾರ ಅರೇಂಜ್, ಮಂಗಳವಾರ ಕಾಲ್, ಬುಧವಾರ ಚೆಕ್, ಆಮೇಲೆ ಕಟ್, ಡ್ರಾಪ್, ಹೆಲ್ಪ್, ಜಾಯಿನ್. ಮ್ಯಾನೇಜ್ ಬರುವುದು ಮುಂದಿನ ವಾರದ ಸೋಮವಾರ. ಒಂಬತ್ತು ದಿನ ಇತ್ತು. ಅದೇ ಕರ್ಮ, ಒಂದೇ ದಿನವಾಗಿದ್ದರೆ ಆದದ್ದು ಆಗಿಹೋಗುತ್ತಿತ್ತು. ಒಂಬತ್ತು ದಿನ ಇರುವುದರಿಂದ ಏನಾದರೂ ಮಾಡಬಹುದು ಅನ್ನಿಸುತ್ತದೆ, ಏನು ಎಂದು ಹೊಳೆಯುವುದಿಲ್ಲ. ಭಾನುವಾರ ಮನೆಯಲ್ಲಿ ಕೂತಲ್ಲಿ ಕೂರಲಿಲ್ಲ. ಎರಡು ಸಲ ಸಾರಿಗೆ ಉಪ್ಪು ಹಾಕಿದೆ.

ಸೋಮವಾರ ಸಂಪಾದಕರಿಗೆ ಹೇಳಿದೆ. “ಹೆಸರಿಲ್ವಲ್ಲ?” ಎಂದರು. “ಹೆಸರಿಲ್ಲ ಸಾರ್, ಆದ್ರೆ ಚಪ್ಪಲಿ ಇದೆ. ಅವರ ಮೆಟ್ಟಿಲ ಕೆಳಗೇ ಇದೆ. ಓದಿದ ತಕ್ಷಣ ಕಣ್ಣಿಗೆ ಬೀಳತ್ತೆ.” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಹಾಗಾದ್ರೆ ಆ ಪುಟ ಬದಲಾಯಿಸಿ ಕೊಟ್ಟು ಬನ್ನಿ. ದೊಡ್ಡದು ಮಾಡ್ಬೇಡಿ.” ಬೇರೆ ವಾಕ್ಯವೊಂದನ್ನು ಹಾಕಿ ಹೊಸ ಪುಟ ಟೈಪ್ ಮಾಡಿಸಿದೆ. ಕಟ್ಟಿದ ವಾಕ್ಯ, ಮೂಸುವುದೇ ಬೇಡ, ದೂರದಿಂದಲೇ ಗೊತ್ತಾಗುವಂತಿತ್ತು.

ಮಂಗಳವಾರ ಹತ್ತು ಗಂಟೆಗೆ ಹೋದರೆ ಮಹಡಿ ಮನೆಗೆ ಬೀಗ. ಎದುರು ಮನೆಯವರು, “ತಂಗಿ ಮನೆಗೆ ಹೋಗಿದ್ದಾರೆ, ಪುಟ್ಟೇನಹಳ್ಳಿ ಕೆರೆ ಹತ್ರ. ಮಗು ಸ್ಕೂಲಿಂದ ಬರೋ ಹೊತ್ತಿಗೆ ಬರ್ತಾರೆ,” ಎಂದು ಗುರುತು ಹೇಳಿದರು. ಸಂಜೆಯವರೆಗೆ ಕಾಯುವ ಶಕ್ತಿ ನನ್ನಲ್ಲಿರಲಿಲ್ಲ. ಜೆ.ಪಿ. ನಗರದ ಒಳರಸ್ತೆಗಳಲ್ಲಿ ಮೂರು ಸಲ ದಾರಿ ತಪ್ಪಿ, ಜಲ್ಲಿ ಸುರಿದ ರಸ್ತೆಯಲ್ಲಿ ಕುಲುಕಾಡಿಕೊಂಡು ಹೋಗಿ ತಲುಪಿದೆ. ಟೀಚರು ಜಗಲಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಖಾಲಿ ಕಾಫಿ ಲೋಟ, ಕೈಯಲ್ಲಿ ಕೆಂಪು ಪೆನ್ನು, ತೊಡೆಯ ಮೇಲೆ ನಮ್ಮ ಹಾಳೆ. ‘ಕಾಲ್’ ಪದದ ಅಂಚಿನಲ್ಲಿ ಜಾಗವೇ ಉಳಿದಿರಲಿಲ್ಲ.

“ಇಷ್ಟು ದೂರ ಬಂದ್ಯಾ! ಪರವಾಗಿಲ್ಲ, ಕೆಲಸದ ಮೇಲೆ ಶ್ರದ್ಧೆ ಇದೆ,” ಎಂದರು. ನಾನು ಹೊಸ ಪುಟ ಚಾಚಿ, ಹಳೆಯದನ್ನು ವಾಪಸ್ ಕೊಡಿ ಎಂದೆ. ಅವರು ಮುಖ ಗಂಟಿಕ್ಕಿದರು. “ಕೊಟ್ಟ ಪೇಪರ್ ವಾಪಸ್ ತಗೊಂಡು ಬೇರೆ ಕೊಡೋದಾ? ಎಲ್ಲಿಯ ನ್ಯಾಯ? ಎರಡೂ ಇರ್ಲಿ. ಆ ದಿನ ಬಂದಾಗ ಎರಡನ್ನೂ ಅಕ್ಕಪಕ್ಕ ಇಟ್ಕೊಂಡು ಓದಿ, ಯಾವುದು ವಾಸಿ ಅಂತ ಬರೀತೀನಿ.”

ಥತ್! ಸುಮ್ಮನೆ ಓದಿ ಮುಂದೆ ಹೋಗಬಹುದಾಗಿದ್ದವರನ್ನು ಆ ಒಂದು ವಾಕ್ಯದ ಮೇಲೆಯೇ ಬೆರಳಿಟ್ಟು ಓದುವಂತೆ ಮಾಡಿ ಬಂದಿದ್ದೆ. ವಾಪಸ್ ಬರುವಾಗ ಕೆರೆ ಏರಿಯ ಹತ್ತಿರ ಮೊಪೆಡ್ ನಿಲ್ಲಿಸಿ ನನ್ನನ್ನು ನಾನೇ ಬೈದುಕೊಂಡೆ. ಹೋದ ಹೋದಲ್ಲಿ ಹದಗೆಡಿಸುವುದು ನನ್ನ ಹುಟ್ಟುಗುಣ. ಅಲ್ಲೇ ನಿಂತು ಇನ್ನೊಂದು ಉಪಾಯ ಹೂಡಿದೆ. ಸಂಜೆ ಮಗು ಆ ಮನೆಯಲ್ಲೇ ಇರುತ್ತದಲ್ಲ, ಅದರ ಕೈಯಲ್ಲಿ ಆ ಪುಟ ಹರಿಸಿಬಿಟ್ಟರೆ? ಮಕ್ಕಳು ಹರಿಯುವುದು ಸಹಜ. ಮಗುವಿಗೆ ಏನು ಹೇಳಬೇಕು, ಯಾವ ಚಾಕೊಲೇಟು ಕೊಡಬೇಕು ಎನ್ನುವವರೆಗೆ ಯೋಚನೆ ಓಡಿತು. ಆಮೇಲೆ ಮೈಯೆಲ್ಲ ನಾಚಿಕೆಯಿಂದ ಬಿಸಿಯಾಯಿತು. ಅವಳ ಮಾತನ್ನು ಅವಳಿಗೆ ಹೇಳದೆ ತೆಗೆದುಕೊಂಡಿದ್ದೆ. ಈಗ ಅವಳ ಮಗಳನ್ನೂ ಅವಳಿಗೆ ಹೇಳದೆ ಬಳಸಲು ಹೊರಟಿದ್ದೆ. ಮೂರು ದಿನದಿಂದ ಅವಳ ಮನೆ ಉಳಿಸಲು ಊರೆಲ್ಲ ಸುತ್ತುತ್ತಿದ್ದೇನೆ, ದಿನಾ ಅವಳ ಎದುರೇ ಕೂತು ಉಣ್ಣುತ್ತಿದ್ದೇನೆ, ಅವಳಿಗೆ ಮಾತ್ರ ಒಂದಕ್ಷರ ಹೇಳಿಲ್ಲ. ನಾಳೆ ಹೇಳಿಬಿಡುವುದು ಎಂದು ಅಲ್ಲಿಯೇ ಗಟ್ಟಿ ಮಾಡಿಕೊಂಡೆ.

ಬುಧವಾರ ಮಧ್ಯಾಹ್ನ ಅವಳು ಡಬ್ಬಿ ಬಿಚ್ಚುತ್ತಿದ್ದಂತೆಯೇ ಹೇಳಿದೆ. ಕಾರ್ಡು, ಪುಟ, ಟೀಚರು, ಪುಟ್ಟೇನಹಳ್ಳಿ, ಎಲ್ಲ ಒಂದೇ ಉಸಿರಿಗೆ. ಅವಳು ತುತ್ತು ಎತ್ತಲಿಲ್ಲ.

“ನಾ ಊಟ ಮಾಡಕೋತ ಹೇಳಿದ್ದು ನೀವು ಬರ್ಕೊಂಡ್ರಿ?”

“ಹೂಂ.”

“ನಾ ಡಬ್ಬಿ ತೊಳ್ಯಾಕ ಹೋದಾಗ?”

“ಹೂಂ.”

“ನಾನ ಆಂಟಿ ಹೆಸರು ಹೇಳಿದೆ ನಿಮ್ಮ ಸರಗ. ಓದೂದಂದ್ರ ಅವರಿಗೆ ಭಾಳ ಖುಷಿ, ಬ್ಯಾಸರ ಕಳೀತದಂತ.” ಅವಳ ಧ್ವನಿ ಏರಲಿಲ್ಲ. ಏರಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. “ನಂಗ ಈ ಊರಾಗ ಒಬ್ಬರ ಮುಂದ ಖರೇ ಮಾತಾಡಬೇಕನಿಸಿತ್ರಿ. ನಿಮ್ಮ ಮುಂದ ಆಡಿದೆ. ನಿಮಗದು ವಾಕ್ಯ ಆತು.”

“ತಪ್ಪಾಯ್ತು ಕಣೇ. ನಾನೇ ಹೋಗಿ ಆಂಟಿ ಹತ್ರ ಮಾತಾಡ್ತೀನಿ. ಅದು ಬೇರೆ ಯಾರೋ ಹೇಳಿದ್ದು ಅಂತ...”

“ಬ್ಯಾಡ್ರಿ. ನೀವು ಬರಬ್ಯಾಡ್ರಿ. ನೀವು ಬಂದ್ರ ನಾ ಏನು ಹೇಳಬೇಕನ್ನೂದನ್ನೂ ನೀವ ಹೇಳ್ತೀರಿ.” ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. “ಅದು ಎಂದು ಓದ್ತಾರ್ರಿ?”

“ಸೋಮವಾರ. ಬೆಳಿಗ್ಗೆ ಹತ್ತಕ್ಕೆ.”

“ಕಾಗದದಾಗ ಓದೂದಕ್ಕಿಂತ ನನ್ನ ಬಾಯಿಂದ ಕೇಳ್ಲಿ,” ಎಂದು ಕೆಳಗಿಳಿದು ಹೋದಳು. ಗುರುವಾರ, ಶುಕ್ರವಾರ, ಶನಿವಾರ ಊಟಕ್ಕೆ ಬರಲಿಲ್ಲ. ನಾನು ಮೆಟ್ಟಿಲ ತುದಿಗೆ ಹೋಗಿ ನಿಲ್ಲುವುದು, ಕೆಳಗೆ ಅವಳು ಪೇಷಂಟುಗಳಿಗೆ “ಡಾಕ್ಟರ್ ಬರ್ತಾರ್ರಿ, ಕೂಡ್ರಿ” ಎನ್ನುವುದನ್ನು ಕೇಳಿ ವಾಪಸ್ ಬರುವುದು. ಮೇಜಿನ ಮೇಲೆ ‘ಮಿಸ್’ ಪದದ ಕಾರ್ಡುಗಳಿದ್ದವು. ಒಂದನ್ನೂ ಮುಟ್ಟಲಾಗಲಿಲ್ಲ.

ಸೋಮವಾರ ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆರೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಿದ್ದೆ. ಅವಳು ಬಂದು ಬೀಗ ತೆಗೆಯುತ್ತ, ನನ್ನ ಕಡೆ ನೋಡದೆ ಹೇಳಿದಳು. ಭಾನುವಾರ ಬೆಳಿಗ್ಗೆ ಮಹಡಿ ಹತ್ತಿ ಎಲ್ಲ ಹೇಳಿದ್ದಳು. ಆಂಟಿ ಕೂಗಾಡಲಿಲ್ಲವಂತೆ. “ದೀಪಾವಳಿಗೆ ಅವನಿಗೆ ಅಂತ ಚಕ್ಕುಲಿ ಬೇರೆ ಡಬ್ಬಕ್ಕೆ ಹಾಕಿ ಕೊಟ್ಟಿದ್ದೆ. ಇಲ್ಲದ ಮನುಷ್ಯನ ಕ್ಷೇಮ ಒಂದೂವರೆ ವರ್ಷ ನನ್ನ ಕೈಲಿ ವಿಚಾರಿಸೋ ಹಾಗೆ ಮಾಡಿದ್ಯಲ್ಲೇ,” ಎಂದು ಅತ್ತರಂತೆ. ಕೊನೆಗೆ, ಮಗುವಿನ ಪರೀಕ್ಷೆ ಮುಗಿಯುವವರೆಗೆ ಇರು, ಆಮೇಲೆ ಬೇರೆ ಮನೆ ನೋಡಿಕೋ ಎಂದಿದ್ದರು.

“ಅವ್ರು ಕೆಟ್ಟವರಲ್ರಿ,” ಎಂದಳು. “ನೀವು ಅವರ ಮ್ಯಾಲೆ ಏನೂ ಬರೀಬ್ಯಾಡ್ರಿ.”

ನನಗೆ ಅಳು ಬಂತು. ಅವಳು ಒಳಗೆ ಹೋಗಿ ಕಸ ಗುಡಿಸತೊಡಗಿದಳು.

ವಾರ ಬಿಟ್ಟು ಟೀಚರ ಪ್ರತಿ ಬಂತು. ಹನ್ನೊಂದು ಪದಗಳ ಅಂಚಿನಲ್ಲೂ ಕೆಂಪು ಅಕ್ಷರ, ಅಲ್ಪವಿರಾಮವನ್ನೂ ಬಿಟ್ಟಿರಲಿಲ್ಲ. ಮ್ಯಾನೇಜ್ ಇದ್ದ ಎರಡು ಹಾಳೆ ಮಾತ್ರ ಖಾಲಿ. ನಾನು ಅದನ್ನು ಸಂಪಾದಕರ ಮುಂದಿಟ್ಟು, ಹೇಳಿದವರನ್ನು ಕೇಳದೆ ಇನ್ನು ಒಂದು ವಾಕ್ಯವೂ ಪುಸ್ತಕಕ್ಕೆ ಹೋಗಕೂಡದು, ನನ್ನ ಎಲ್ಲ ಕಾರ್ಡು ಹೊರಗೆ ತೆಗೆಯುತ್ತೇನೆ ಎಂದೆ. ಅವರಿಗೆ ರೇಗಿತು. “ಊರೂರು ಸುತ್ತಿ ಅಪ್ಪಣೆ ಕೇಳ್ತೀರಾ? ನಿಘಂಟು ಮಾಡ್ತಿದೀರೋ, ಮದುವೆ ಕರೆಯೋಲೆ ಹಂಚ್ತಿದೀರೋ?” ನಾನೂ ಬಿಡಲಿಲ್ಲ. ಎರಡು ವಾರ ಮಾತು ಬಿಟ್ಟೆವು. ಸಿಕ್ಕವರನ್ನು ಹುಡುಕಿ ಕೇಳಿದೆ. ಛತ್ರದ ಅಡುಗೆಯವರು, “ಸಾರಿಗೆ ನೀರು ಹಾಕಿದ್ದನ್ನ ಪುಸ್ತಕದಲ್ಲಿ ಹಾಕ್ತೀಯೇನಮ್ಮ, ನನ್ನ ಅನ್ನಕ್ಕೆ ಕಲ್ಲು!” ಎಂದು ಸೌಟು ತೋರಿಸಿದರು. ಬಸ್ಸಿನ ಮದುವಣಗಿತ್ತಿಯನ್ನು ಎಲ್ಲಿಂದ ಹುಡುಕಲಿ? ಅರ್ಧಕ್ಕಿಂತ ಹೆಚ್ಚು ಕಾರ್ಡು ಬಿದ್ದುಹೋದವು. ನಾಲ್ಕನೇ ಅರ್ಥ ಪುಸ್ತಕದಲ್ಲಿ ಉಳಿಯಿತು, ಅದರ ಮುಂದೆ ವಾಕ್ಯವಿಲ್ಲ.

ಅವಳು ಮತ್ತೆ ಊಟಕ್ಕೆ ಬರತೊಡಗಿದ್ದು ಯುಗಾದಿ ಹತ್ತಿರವಾದಾಗ. ಬಂದವಳು ಏನೂ ಆಗದವಳಂತೆ ರೊಟ್ಟಿ ಮುರಿದು ನನ್ನ ತಟ್ಟೆಗೆ ಹಾಕಿ, “ಮನಿ ಸಿಗವಲ್ದರಿ” ಎಂದಳು. ಬಿ.ಟಿ.ಎಂ.ನಲ್ಲೇ ಎರಡು ಕಡೆ, ಬಿಳೇಕಹಳ್ಳಿಯಲ್ಲಿ ಒಂದು ಕಡೆ ಕೇಳಿದ್ದಳಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಒಬ್ಬರು ಫ್ಯಾಮಿಲಿಗೆ ಮಾತ್ರ ಎಂದರು. ಒಬ್ಬರು ಬಾಗಿಲ ಒಳಗಿನಿಂದಲೇ ಕೈ ಆಡಿಸಿದರು. ಬಿಳೇಕಹಳ್ಳಿಯವರು ಕೀ ಕೊಡುವವರೆಗೆ ಬಂದು, ಗಂಡನ ವಿಷಯ ತಿಳಿದು, ಮಗ ಬರುತ್ತಾನೆ, ಮನೆ ನಮಗೇ ಬೇಕು ಎಂದರಂತೆ. ಮಗಳ ಪರೀಕ್ಷೆ ಮುಗಿಯಲು ಹತ್ತೇ ದಿನ ಇತ್ತು.

ಕನಕಪುರ ರಸ್ತೆಯ ಬಸ್ಸಿನಲ್ಲಿ ದಿನಾ ಬರುವ ನನ್ನ ಪರಿಚಯದವರೊಬ್ಬರು ಜರಗನಹಳ್ಳಿಯಲ್ಲಿ ಒಂದು ಮನೆ ಖಾಲಿ ಇದೆ ಎಂದಿದ್ದರು. ಭಾನುವಾರ ಇಬ್ಬರೂ ಮೊಪೆಡ್ಡಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ನಾನು ಗಾಡಿ ಓಡಿಸುತ್ತ ಒಳಗೊಳಗೇ ಒಬ್ಬ ಗಂಡನನ್ನು ಸಿದ್ಧ ಮಾಡುತ್ತಿದ್ದೆ. ಈ ಸಲ ಇವಳನ್ನು ಮಾತಾಡಲು ಬಿಡಬಾರದು ಎಂದು ನಿಶ್ಚಯಿಸಿದ್ದೆ. ಗಂಡ ಮೈಸೂರಿನ ಫ್ಯಾಕ್ಟರಿಯಲ್ಲಿ, ಶಿಫ್ಟ್ ಡ್ಯೂಟಿ, ತಿಂಗಳಿಗೊಮ್ಮೆ ಬರುತ್ತಾರೆ, ಒಳ್ಳೇ ಮನುಷ್ಯ, ಕಾಫಿ ಟೀ ಕೂಡ ಮುಟ್ಟುವುದಿಲ್ಲ. ನನ್ನಿಂದ ಕಳೆದುಹೋದ ಮನೆಯನ್ನು ನನ್ನ ಬಾಯಿಂದಲೇ ತಂದುಕೊಡಬೇಕು ಅನ್ನುವ ಹಟ. ಅವಳಿಗೆ ಇದನ್ನು ಹೇಳಿರಲಿಲ್ಲ.

ಹಳೇ ಊರಿನ ಗೌಡರ ಮನೆ. ಮುಂದೆ ದೊಡ್ಡ ಮನೆ, ಹಿಂದೆ ಸಾಲಾಗಿ ಬಾಡಿಗೆಯ ನಾಲ್ಕು ಮನೆ, ಮಧ್ಯೆ ಎರಡು ಹಸು ಕಟ್ಟಿದ ಕೊಟ್ಟಿಗೆ. ಯಜಮಾನಿ ಅರವತ್ತು ದಾಟಿದವರು. ಸೆಗಣಿ ಕೈಯನ್ನು ತೊಟ್ಟಿಯಲ್ಲಿ ತೊಳೆದುಕೊಂಡು, ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಅವಳನ್ನು ನೋಡಿದರು, ನನ್ನನ್ನು ನೋಡಿದರು.

“ಮನೆ ಯಾರಿಗವ್ವಾ?”

“ಇವಳಿಗೆ,” ಎಂದೆ.

“ಯಜಮಾನ್ರು ಎಲ್ಲಿ ಕೆಲಸ?”

ನಾನು ಒಂದು ಹೆಜ್ಜೆ ಮುಂದೆ ಬಂದು ಶುರು ಮಾಡಿದೆ. “ಅವರು ಮೈಸೂರಲ್ಲಿ...”

“ಇಲ್ರಿ ಅಮ್ಮಾರ,” ಎಂದಳು ಅವಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ಅವ್ರು ನಮ್ಮನ್ನ ಬಿಟ್ಟು ಹೋಗ್ಯಾರ್ರಿ. ಬರೂದಿಲ್ಲ. ನಾನು, ನನ್ನ ಮಗಳು, ಇಬ್ಬರ ಇರೂದು.”

ಹಸು ಹಗ್ಗ ಎಳೆದಾಡಿತು. ಯಜಮಾನಿ ಅದರ ಕಡೆ ಹೋಗಿ ಗೂಟ ಸರಿಮಾಡಿ ಬಂದರು.

“ಮಗು ಎಷ್ಟನೇ ಕ್ಲಾಸು?”

“ಎರಡನೇದ್ರಿ. ಮೂರಕ್ಕ ಹೋಗ್ತಾಳ.”

“ನೀರು ಬೆಳಗಿನ ಜಾವ ಐದಕ್ಕೆ ಬಿಡ್ತಾರೆ. ಒಂದೇ ಗಂಟೆ. ಎದ್ದು ಹಿಡ್ಕೋಬೇಕು. ಏಳ್ತೀಯಾ?”

“ಏಳ್ತೀನ್ರಿ.”

“ಬಾ ಮತ್ತೆ. ಅಡಿಗೆಮನೆ ನೋಡ್ಕೋ,” ಎಂದು ಯಜಮಾನಿ ಸೊಂಟದ ಕೀ ಗೊಂಚಲು ಬಿಚ್ಚುತ್ತ ಹಿಂದಿನ ಮನೆಗಳ ಕಡೆ ನಡೆದರು. ಅವಳು ಅವರ ಹಿಂದೆಯೇ ಹೋದಳು. ನಾನು ಕೊಟ್ಟಿಗೆಯ ಮುಂದೆ ನಿಂತೇ ಇದ್ದೆ, ಅರ್ಧ ಹೇಳಿದ ಗಂಡನನ್ನು ಬಾಯಲ್ಲಿಟ್ಟುಕೊಂಡು.